ಮೃತ್ಯುಂಜಯನ ಪ್ರೊಸೆಸರ್ ಪ್ರತಿಜ್ಞೆ

ಗಿಗಾಹರ್ಟ್ಸ್ ಎಂಬ ಮಹಾಮಂತ್ರವು ಹಸುಳೆಗಳ ನಾಲಗೆಯ ಮೇಲೂ ನಲಿದಾಡಿದ, ಬಹುಕೋರಧಾರಿಗಳಾದ ಪ್ರೊಸೆಸರುಗಳು ಬಡವರ ಹೊಸ್ತಿಲನ್ನೂ ಮೆಟ್ಟಿ ಪಾವನಗೊಳಿಸಿದ ಆ ಪುಣ್ಯಯುಗದಲ್ಲಿ, ಗದಗ-ಬೆಟಗೇರಿಯ ನೇಕಾರ ಓಣಿಯಲ್ಲಿ, ಕೀಲಿಮಣೆವಿಮರ್ದನನೂ ಮೂಷಿಕಪಾಣಿಯೂ ಪರದೆಯ ಮೇಲೆ ನಿತ್ಯ ಮಡಿದು ನಿತ್ಯ ಮರುಹುಟ್ಟುವವನೂ ಆದ ಮೃತ್ಯುಂಜಯನೆಂಬ ವೀರನಿದ್ದನು.

ಅವನ ಗಣಕಯಂತ್ರಕ್ಕೆ ದಸರೆಯಿಂದೀಚೆಗೆ ಮೂರ್ಛಾರೋಗ ತಗುಲಿತ್ತು. ಆನ್‌ಲೈನ್ ಆಟದ ರಣದಲ್ಲಿ ಖಡ್ಗವೆತ್ತಿದ ಕ್ಷಣದಲ್ಲೇ ಚಿತ್ರವು ಸ್ತಂಭಿಸಿ, ಸಂಗಡಿಗರೆಲ್ಲರೂ ಅವನನ್ನು ಕಾಯುತ್ತ ಹತರಾದರು. ಬರುವ ಭಾನುವಾರವೂ ಹೀಗಾದರೆ ನಾಯಕಪಟ್ಟ ಸಂಗಡಿಗ ಈರಣ್ಣನಿಗೆ ಎಂದು ತಂಡವು ತೀರ್ಪಿತ್ತಿತು. ಆಗ ವೀರನು ಅಡುಗೆಮನೆಯ ಬಾಗಿಲಲ್ಲಿ ನಿಂತು ನುಡಿದನು:

"ಹೊಸಾ ಪ್ರೊಸೆಸರ್ ಬರೂತನಾ ನಾ ಚಹಾ ಮುಟ್ಟಂಗಿಲ್ಲ."

ತಾಯಿ ನೀಲವ್ವ ಅವನ ಪಾಲನ್ನು ತನ್ನ ಕಪ್ಪಿಗೆ ಸುರಿದುಕೊಂಡಳು.

ಆದರೆ ಅದೇ ಯಂತ್ರದಲ್ಲಿ ಲಗ್ನಪತ್ರಿಕೆಗಳನ್ನು ವಿನ್ಯಾಸಗೊಳಿಸಿ ಮನೆ ನಡೆಸುತ್ತಿದ್ದವಳು ಅಕ್ಕ ಶಾಂಭವಿ. ಒಂದು ಕಿಟಕಿಯಲ್ಲಿ ಪತ್ರಿಕೆ, ಇನ್ನೊಂದರಲ್ಲಿ ವಧೂವರರ ಭಾವಚಿತ್ರ, ಮತ್ತೊಂದರಲ್ಲಿ ಹಾಡು. ಹೀಗೆ ಅಸಂಖ್ಯಗವಾಕ್ಷೆಯಾದ ಆಕೆಗೆ ಬೇಕಿದ್ದದ್ದು ಒಟ್ಟಿಗೇ ಹಲವು ಕೆಲಸಕ್ಕೆ ದುಡಿಯುವ ಕೋರುಗಳ ಅಕ್ಷೌಹಿಣಿ. ತಮ್ಮನಿಗೋ, ಕೋರುಗಳು ಕೆಲವೇ ಆದರೂ ವಾಯುವೇಗದವು ಬೇಕು. ರೊಟ್ಟಿಯ ಬುಟ್ಟಿಯನ್ನು ನಡುವಿಟ್ಟುಕೊಂಡು ಇಬ್ಬರೂ ಎದುರುಬದುರಾದರು.

"ಹತ್ತ ಕೈ ಇದ್ದು ಹತ್ತೂ ಮೆಲ್ಲಕ ಆಡಿದ್ರ ಏನ್ ಬಂತಬೇ ಅಕ್ಕಾ?" ಎಂದನು ವೀರ.

"ಒಂದ ಕೈಲೆ ರೊಟ್ಟಿ ಬಡದು, ಒಲಿ ಊದಿ, ಕೂಸಿನ್ನ ತೂಗಿ ತೋರ್ಸು. ಆಮ್ಯಾಲ ಮಾತಾಡು."

ಕೊನೆಗೆ, ಕೋರುಗಳೂ ಸಾಕಷ್ಟಿರುವ, ವೇಗವೂ ಕುಂದದ ಮಧ್ಯಮ ಪ್ರೊಸೆಸರೊಂದಕ್ಕೆ ಸಂಧಿಯಾಯಿತು. ಅಂಗಡಿಗೆ ಫೋನಾಯಿಸಲು, ನಿಮ್ಮ ಮದರ್‌ಬೋರ್ಡ್ ಯಾವುದು, ಎಲ್ಲ ಪ್ರೊಸೆಸರೂ ಎಲ್ಲದರಲ್ಲೂ ಕೂರುವುದಿಲ್ಲ ಎಂದನು ವ್ಯಾಪಾರಿ. ಆಯುಧಕ್ಕಾಗಿ ಕಾದಾಡಿದ ಈ ಮಹಾರಥಿಗಳು ಒರೆಯ ಅಳತೆಯನ್ನೇ ನೋಡಿರಲಿಲ್ಲ.

ಅದನ್ನು ನೋಡಲೆಂದು ಗಣಕಯಂತ್ರದ ಡಬ್ಬಿಯ ತಿರುಪುಗಳನ್ನು ಕಳಚಿದರು. ಒಳಗೆ, ಹಳೆಯ ಪ್ರೊಸೆಸರಿನ ನೆತ್ತಿಯ ಮೇಲೆ, ಅದರ ಕಾವನ್ನು ತಣಿಸಲು ತಿರುಗಬೇಕಾದ ಫ್ಯಾನು ತಿರುಗದೆ ನಿಂತಿತ್ತು. ಅದರ ರೆಕ್ಕೆಗಳ ನಡುವೆ ಒಣಗಿದ ಚೆಂಡುಹೂವು, ಮೇಲೊಂದು ಪದರ ಊದುಬತ್ತಿಯ ಬೂದಿ. ಮಹಾನವಮಿಯಲ್ಲಿ ಆಯುಧಗಳಿಗೆ ಸಲ್ಲುವ ಖಂಡೇಪೂಜೆಯಂದು, ವಿಜಯವನ್ನು ಬೇಡಿ, ಜಾಲರಿಯೊಳಗೆ ಭಕ್ತಿಯಿಂದ ಹೂ ತುರುಕಿದವನು ಸ್ವತಃ ಮೃತ್ಯುಂಜಯನೇ. (ಎರಡು ಹೂವೆಂದು ಬೆಟಗೇರಿಯವರ ಹೇಳಿಕೆ, ಗದಗಿನ ಪಾಠದಲ್ಲಿ ಒಂದೇ.)

"ದೇವರಿಗೆ ಉಸಿರಾಡಾಕ ಬಿಟ್ಟಿಲ್ಲಲ್ಲೋ" ಎಂದಳು ಶಾಂಭವಿ.

ಹಳೆಯ ಹಲ್ಲುಜ್ಜುವ ಬ್ರಷ್ಷೇ ದಿವ್ಯಾಸ್ತ್ರವಾಯಿತು. ಹೂ ಉದುರಿತು, ಬೂದಿ ಹಾರಿತು, ಫ್ಯಾನು ಗುಂಯ್‌ಗುಟ್ಟಿತು. ಭಾನುವಾರದ ರಣದಲ್ಲಿ ಚಿತ್ರವು ಒಮ್ಮೆಯೂ ಸ್ತಂಭಿಸಲಿಲ್ಲ, ನಾಯಕಪಟ್ಟ ಉಳಿಯಿತು. ಅದರೊಡನೆ ಪ್ರತಿಜ್ಞೆಯೂ ಉಳಿಯಿತು.

ನೀಲವ್ವ ಕಪ್ಪು ಹಿಡಿದು ಬಂದಳು. "ಹೊಸಾದೇನ ಬರಲಿಲ್ಲಲ್ಲಪಾ. ಇದನ್ನೂ ನಾನ ಕುಡೀಲೇನು?"

ಮಾತಿಗೆ ತಪ್ಪದ ವಂಶದ ಆ ಮಹಾವೀರನು ಬಾಗಿಲತ್ತ ನೋಡಿದನು, ಅಕ್ಕನತ್ತ ನೋಡಿದನು, ಕಪ್ಪನ್ನು ಎತ್ತಿಕೊಂಡನು. ಸಕ್ಕರೆ ಕಡಿಮೆಯಾಗಿತ್ತು. ಇನ್ನಷ್ಟು ಕೇಳುವ ಧೈರ್ಯ ಬರಲಿಲ್ಲ.