ಮಾವನ ಎತ್ತು, ಅತ್ತೆಯ ಹೂಂ

ಅಡುಗೆಮನೆಯಲ್ಲಿ ಎತ್ತಾಗಿ ಹಾರುವ ಗಂಡಸನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಹಣೆತುಂಬ ವಿಭೂತಿ, ತಲೆಗೆ ರುಮಾಲು, ಎರಡೂ ಕೈಗೆ ಬಟ್ಟೆ ಕಟ್ಟಿಕೊಂಡು ಒಲೆಯ ಮುಂದೆ ಬೂದಿ ಎಬ್ಬಿಸುತ್ತ ಹಾರುತ್ತಿದ್ದ ಆ ಮಹಾಶಯ ಬೇರೆ ಯಾರೂ ಅಲ್ಲ, ನನ್ನ ಸ್ವಂತ ಸೋದರಮಾವ! ಇದನ್ನು ಹೇಳಿಕೊಳ್ಳಲು ನನಗೀಗ ನಾಚಿಕೆಯಿಲ್ಲ. ಮೊದಲು ಇತ್ತು, ಬೇಕಾದಷ್ಟಿತ್ತು. ಅದು ಹೇಗೆ ಹೋಯಿತು ಎಂಬುದನ್ನೇ ಹೇಳಬೇಕೆಂದು ಕುಳಿತಿದ್ದೇನೆ.

ಮಾವನ ಊರು ಉಮರ್ಗಾ. ಹೊಲ, ಎತ್ತು, ಮಠಕ್ಕೆ ನಡೆದುಕೊಳ್ಳುವ ಹಳೆಯ ಮನೆತನ. ಜೋಳ ಬಿತ್ತುವುದು, ಹರಗುವುದು, ರಾಶಿ ಮಾಡುವುದು ಎಲ್ಲ ಬರುತ್ತಿತ್ತು. ಅಷ್ಟು ಮಾಡಿಕೊಂಡು ಸುಮ್ಮನಿರಬಹುದಿತ್ತಲ್ಲ? ಇಲ್ಲ! ಆತನಿಗೆ ಕತೆ ಬರೆಯುವ ಗೀಳು. ಅದೂ ಎಂಥ ಕತೆ? ಲೋಕದಲ್ಲಿ ಇರುವುದನ್ನು ಬರೆದರೆ ಕೈ ನೋಯುತ್ತಿತ್ತೇನೋ. ರೆಕ್ಕೆಯ ಎತ್ತು, ಮೋಡವಾಗಿಬಿಡುವ ಕುರಿ, ಎಲ್ಲರೂ ಮಲಗಿದ ಮೇಲೆ ಎದ್ದು ನೀರು ಕುಡಿಯಲು ಹೋಗುವ ಬಾವಿ! ಬಾವಿ ನೀರು ಕುಡಿಯಲು ಎಲ್ಲಿಗೆ ಹೋಗುತ್ತದಪ್ಪಾ ಎಂದು ಕೇಳಿದೆ. "ಬಾಜೂಕಿನ ಬಾವಿಗಿ," ಎಂದ. ಇಂಥವನ ಜೊತೆ ಏನು ವಾದ ಮಾಡುತ್ತೀರಿ?

ಆಗ ನಿಜಾಮರ ಆಳ್ವಿಕೆ. ಕಚೇರಿಯಲ್ಲಿ ಉರ್ದು, ಪೇಟೆಯಲ್ಲಿ ಮರಾಠಿ, ಕನ್ನಡವೆಂದರೆ ಮನೆಯೊಳಗೆ ರೊಟ್ಟಿ ಮುರಿಯುವಾಗ ಆಡುವ ಮಾತು. ಶಾಲೆಯಲ್ಲಿ ಉರ್ದು ಕಲಿತ ಮಾವ ಕನ್ನಡ ಅಕ್ಷರಗಳನ್ನು ಮಠದ ಅಯ್ಯನವರ ಹತ್ತಿರ ಕಲಿತಿದ್ದ. ಕತೆ ಬರೆದದ್ದು ಆ ಕನ್ನಡದಲ್ಲಿ!

"ಮಾಮಾ, ಉರ್ದುದಾಗ ಬರದ್ರ ಕಚೇರಿ ಮಂದಿ ಓದತಾರ. ಮರಾಠಿದಾಗ ಬರದ್ರ ಬಜಾರ ಓದತದ. ಕನ್ನಡದಾಗ ಬರದ್ರ ಇಲ್ಲಿ ಯಾರ ಓದಬೇಕು?"

"ಓದೂದು ಯಾಕ? ನಿಮ್ಮ ಅತ್ತಿ ಕೇಳತಾಳಲ್ಲ!"

ಹೌದು, ಅತ್ತೆ ಕೇಳುತ್ತಿದ್ದಳು. ಅಕ್ಷರ ಬಾರದ ಹೆಂಗಸು, ಮಾತೂ ಬಲು ಕಡಿಮೆ. ನಮ್ಮ ಕಡೆ ಕತೆ ಹೇಳುವುದಕ್ಕೆ ಒಂದು ಕಟ್ಟಳೆಯಿದೆ. ಹೇಳುವವನು ಒಂದೊಂದು ಮಾತು ಮುಗಿಸಿದಾಗಲೂ ಕೇಳುವವರು "ಹೂಂ" ಅನ್ನಬೇಕು. ಹೂಂ ನಿಂತರೆ ಕತೆಯೂ ನಿಂತಿತು. ಮಾವ ಈ ಕಟ್ಟಳೆಯನ್ನು ಬರವಣಿಗೆಗೂ ತಂದಿದ್ದ. ಮುಂಜಾನೆ ಅತ್ತೆ ರೊಟ್ಟಿ ಬಡಿಯಲು ಕುಳಿತಳೆಂದರೆ, ಈತ ಅಡುಗೆಮನೆಯ ಹೊಸ್ತಿಲ ಮೇಲೆ ಕಾಗದ ಹರಡಿಕೊಂಡು ಕೂತುಬಿಡುತ್ತಿದ್ದ. ಒಂದು ವಾಕ್ಯ ಓದುವುದು, ಹೂಂಗಾಗಿ ಕಾಯುವುದು, ಬಂದರೆ ಮುಂದಿನ ವಾಕ್ಯ. ಬಾರದಿದ್ದರೆ ಆ ವಾಕ್ಯಕ್ಕೆ ಗೀಟು!

ಅತ್ತೆಯ ಹೂಂನಲ್ಲಿ ತರಾವರಿ ಅರ್ಥಗಳಿವೆಯೆಂದು ಮಾವನ ನಂಬಿಕೆ. ಉದ್ದನೆಯ ಹೂಂ ಬಂದರೆ ಆ ದಿನ ಎತ್ತಿಗೂ ಹಿಡಿ ಹಿಂಡಿ ಹೆಚ್ಚು. ಮೊಟಕು ಹೂಂ ಬಂದರೆ ಮಧ್ಯಾಹ್ನದವರೆಗೆ ಯಾರೂ ಆತನನ್ನು ಮಾತಾಡಿಸುವಂತಿಲ್ಲ. ಒಮ್ಮೆ ಒಬ್ಬ ರಾಜನ ವಿಷಯಕ್ಕೆ ಹೂಂ ಬರಲೇ ಇಲ್ಲ. ಈ ರಾಜ ಆಕೆಗೆ ಸೇರಲಿಲ್ಲವೆಂದು ಮಾವ ಅಲ್ಲೇ ಅವನನ್ನು ಹಾವಿನಿಂದ ಕಚ್ಚಿಸಿ ಕೊಂದ. ಕತೆ ಟಪಾಲಿಗೂ ಹೋಯಿತು. ಆಮೇಲೆ ಅತ್ತೆ, "ಅವತ್ತ ರೊಟ್ಟಿ ಹೊತ್ತತಿತ್ರೀ, ಅದಕ್ಕ ಸುಮ್ಮಿದ್ದೆ," ಅಂದಳು. ಅಷ್ಟರಲ್ಲಿ ಪಾಪ, ರಾಜನ ಮಣ್ಣೂ ಆಗಿತ್ತು.

ಆದರೆ ಒಂದು ಕೊರತೆ ಮಾವನನ್ನು ಒಳಗೊಳಗೇ ಕೊರೆಯುತ್ತಿತ್ತು. ಅಷ್ಟು ವರ್ಷಗಳಲ್ಲಿ ಅತ್ತೆ ಒಂದು ಸಲವೂ "ಕತಿ ಚೊಲೋ ಅದ" ಎಂದವಳಲ್ಲ. "ಆಕಿ ಮನಸಿಗಿ ಬರತಾವೋ ಇಲ್ಲೋ ಒಂದೂ ತಿಳೀವಲ್ದು ನೋಡೋ," ಎಂದು ನನ್ನ ಮುಂದೆ ಗೊಣಗುತ್ತಿದ್ದ. ಕೇಳಿಬಿಡು ಎಂದರೆ, "ಏ, ಹ್ಯಾಂಗ ಕೇಳಲಿ? ಇಲ್ಲ ಅಂದ್ರ?" ಎಂದು ಬೆವರುತ್ತಿದ್ದ.

ಕತೆಗಳು ಹೋಗುತ್ತಿದ್ದುದು ಸೊಲ್ಲಾಪುರದ ಒಂದು ಮಾಸಪತ್ರಿಕೆಗೆ. ಹೋದವು ಬಹಳ ಕಾಲ ಹಾಗೇ ಮರಳಿ ಬರುತ್ತಿದ್ದವು. ಕೊನೆಗೊಂದು ದಿನ ರೆಕ್ಕೆಯ ಎತ್ತು ಅಚ್ಚಾಯಿತು! ಮಾವನ ಸಡಗರ ನೋಡಬೇಕಿತ್ತು. ಅಚ್ಚಾದ ಸಂಚಿಕೆಗಳನ್ನು ತರಲು ತಾನೇ ಗಾಡಿ ಹೂಡಿಕೊಂಡು ಸೊಲ್ಲಾಪುರಕ್ಕೆ ಹೋದ. ಅದು ಇಂಗ್ರೇಜರ ಸೀಮೆ, ನಮ್ಮದು ನಿಜಾಮರದು, ನಡುವೆ ಸುಂಕದ ನಾಕಾ. ಬರುವಾಗ ನಾಕಾದ ಮುನ್ಶಿ ಗಂಟು ತೋರಿಸಿ, ಇದರಲ್ಲೇನಿದೆ ಎಂದು ಕೇಳಿದ. ಪುಸ್ತಕ ಇವೆ ಎಂದಿದ್ದರೆ ಮುಗಿಯುತ್ತಿತ್ತು. ಮಾವ ಎದೆ ಉಬ್ಬಿಸಿ, "ಇದರಾಗ ನಂದೊಂದು ಎತ್ತ ಅದ ಸಾಹೇಬ್ರ, ಹಾರೂ ಎತ್ತ!" ಎಂದ. ಮುನ್ಶಿ ಗಂಟು ಬಿಚ್ಚಿಸಿದ. ಕನ್ನಡ ಓದಲು ಬಾರದ ಅವನಿಗೆ ಇಡೀ ಕತೆಯನ್ನು ಅಲ್ಲೇ ಹೇಳಬೇಕಾಯಿತು. ಹಿಂದೆ ಗಾಡಿಗಳು ಸಾಲುಗಟ್ಟಿ ನಿಂತವು. ಮುನ್ಶಿ ಗಡ್ಡ ನೀವಿಕೊಳ್ಳುತ್ತ ಎಲ್ಲ ಕೇಳಿದ, ಕೊನೆಯಲ್ಲಿ ಗಂಭೀರವಾಗಿ ಹೇಳಿದ: "ಕಿಸ್ಸಾ ಬಹುತ್ ಅಚ್ಛಾ ಅದ ಪಟೇಲ್. ಖರೇ ಎತ್ತುಗೋಳು ಹಿಂಗ ಮ್ಯಾಲಿಂದ ಮ್ಯಾಲೇ ಹಾರಿ ಹೋದ್ರ, ನಮ್ಮ ನಾಕಾದ ಗತಿ ಏನ್ರೀ?"

ಇದು ಮಾವನಿಗೆ ಬಂದ ಮೊದಲ ಓದುಗರ ಅಭಿಪ್ರಾಯ!

ಎರಡನೆಯದು ದೇವಣಿಯಿಂದ ಬಂತು. ದೇವಣಿ ಎಂದರೆ ಎತ್ತು, ಎತ್ತು ಎಂದರೆ ದೇವಣಿ. ಅಲ್ಲಿನ ಒಬ್ಬ ದನ ಸಾಕುವ ಗೌಡ ಕತೆಯನ್ನು ಯಾರಿಂದಲೋ ಓದಿಸಿ ಕೇಳಿ, ಜಗಳ ಆಡಲೆಂದೇ ಉಮರ್ಗಾದವರೆಗೆ ಬಂದ. ನೀರು ಕುಡಿಯುವುದಕ್ಕೂ ಮೊದಲೇ ಶುರುಮಾಡಿದ.

"ನಿಮ್ಮ ಎತ್ತ ದೇವಣೀದು ಅಂತ ಬರದೀರಿ. ಬಣ್ಣ ಮಾತ್ರ ಕೆಂಪ ಬರದೀರಿ. ನಮ್ಮ ಎತ್ತ ಎಂದಾರ ಕೆಂಪ ಇರತಾವೇನ್ರೀ? ಬಿಳಿ ಮೈ ಮ್ಯಾಲ ಕರೀ ಮಚ್ಚಿ ಇರಬೇಕು! ನಾಳಿ ಯಾರರ ಓದಿ, ಕೆಂಪ ಎತ್ತ ಹಿಡಕೊಂಡು ಬಂದು ಇದು ದೇವಣೀದು ಅಂದ್ರ ಏನ್ ಮಾಡೂದು?"

"ಅಲ್ರೀ ಗೌಡ್ರ, ಅದಕ್ಕ ರೆಕ್ಕಿ ಅವ ಅಂತ ಬರದೀನಿ. ಅದಕ್ಕ ಏನೂ ಅನ್ನಲಿಲ್ಲಲ್ಲ ನೀವು?"

"ರೆಕ್ಕಿ ಇರಲಿ ಬಿಡ್ರಿ. ಚೊಲೋ ಮೇವ ಹಾಕಿದ್ರ ಏನರ ಬರಬಹುದು. ಬಣ್ಣ ಹ್ಯಾಂಗ ತಪ್ಪತದ?"

ಗೌಡ ಊಟ ಮಾಡಿ, ಎತ್ತಿಗೆ ಮಚ್ಚೆ ಹಾಕುವ ಮಾತು ತೆಗೆದುಕೊಂಡೇ ಊರಿಗೆ ಮರಳಿದ.

ಹೀಗೆ ವರ್ಷಗಳು ಹೋದವು. ಮಾವನ ಕತೆಗಳು ಆಗಾಗ ಅಚ್ಚಾಗುತ್ತಿದ್ದವು, ಹೆಸರೂ ತುಸು ಆಯಿತು. ಎಲ್ಲವನ್ನೂ ಸೇರಿಸಿ ಒಂದು ಪುಸ್ತಕ ಬರಬೇಕು, ರಟ್ಟಿನ ಮೇಲೆ ತನ್ನ ಹೆಸರಿರಬೇಕು ಎಂಬ ಒಂದೇ ಆಸೆ ಆತನಿಗೆ. ದೇವರ ಮುಂದೆ ಕೈಮುಗಿದರೂ ಅದನ್ನೇ ಬೇಡುತ್ತಿದ್ದನೇನೋ!

ಅಂಥ ಹೊತ್ತಿನಲ್ಲಿ ಮನುಷ್ಯನಿಗೆ ಏನಾಯಿತೋ, ಹಾರತೊಡಗಿದ! ಮೊದಲು ಹೊಸ್ತಿಲ ಮೇಲೆ ಕೂತು ಓದುತ್ತಿದ್ದವನು ಈಗ ಒಲೆಯ ಮುಂದೆ ಎದ್ದುನಿಂತು ಕುಣಿಯುತ್ತಾನೆ. ಕುರಿ ಮೋಡವಾಯಿತೆಂದರೆ ಕಂಬಳಿ ಹೊದ್ದು ಉರುಳುತ್ತಾನೆ. ಬಾವಿ ನಡೆಯಿತೆಂದರೆ ಕೊಡಪಾನ ತಬ್ಬಿಕೊಂಡು ತಾನೂ ನಡೆಯುತ್ತಾನೆ. ನೆರೆಮನೆಯವರು ಗೋಡೆಯ ಮೇಲಿಂದ ಇಣುಕಿ ನೋಡಿ, ಮುಂಜಾನೆಯ ಕೆಲಸ ಬಿಟ್ಟು ನಗುತ್ತಿದ್ದರು. ಊರಲ್ಲಿ ಆಡಿಕೊಂಡಿದ್ದು ಸಾಲದೆಂದು ಉದಗೀರಕ್ಕೂ ಬಂದ. ಉದಗೀರದ ಬಜಾರದಲ್ಲಿ ನನ್ನ ಬಟ್ಟೆ ಅಂಗಡಿ. ಒಂದು ಲಗ್ನದ ಜವಳಿಗೆಂದು ದೊಡ್ಡ ಬಳಗವೇ ಬಂದು ಕುಳಿತಿದೆ, ನಾನು ಸೀರೆ ಹರಡಿದ್ದೇನೆ, ಬಂದನಲ್ಲ ನಮ್ಮ ಮಾವ!

"ರೆಕ್ಕಿಗಿ ಬಟ್ಟಿ ಕೊಡೋ," ಎಂದ. ಮಲಮಲ್ ತೆಗೆದುಕೊಟ್ಟೆ. ತೋಳಿಗೆ ಸುತ್ತಿಕೊಂಡು ಅಂಗಡಿಯ ಈ ತುದಿಯಿಂದ ಆ ತುದಿಗೆ ರೆಕ್ಕೆ ಬಡಿಯುತ್ತ ಓಡಿದ. ಮದುಮಗಳು ಚೀರಿದಳು. ಅವಳ ಅಜ್ಜಿ ಲಿಂಗ ಹಿಡಿದುಕೊಂಡು "ಶಿವ ಶಿವಾ" ಎಂದಳು. ಮಾವ ಸಮಾಧಾನದಿಂದ ಬಟ್ಟೆ ಬಿಚ್ಚಿ ಮಡಚಿಟ್ಟು, "ಹಗುರ ಅದ, ಖರೇ ಗಾಳಿ ಹಿಡೀವಲ್ದು. ಆ ದಪ್ಪನ್ನ ಮಾಂಜರಪಾಟ ತಗಿ," ಎಂದ. ಅಷ್ಟರಲ್ಲಿ ಆ ಬಳಗ ಎದುರಿನ ಅಂಗಡಿ ಸೇರಿತ್ತು. ಆ ಅಂಗಡಿಯವನು ಆಮೇಲೆ ತಿಂಗಳುಗಟ್ಟಲೆ, "ನಿಮ್ಮ ಮಾಮಾ ಮತ್ತ ಎಂದ ಹಾರತಾರ್ರೀ? ಗಿರಾಕಿ ಕಮ್ಮಿ ಆಗ್ಯಾವ," ಎಂದು ನನ್ನನ್ನು ಕೇಳುತ್ತಿದ್ದ. ನನ್ನ ಸಿಟ್ಟು ನೆತ್ತಿಗೇರದೆ ಇನ್ನೇನಾದೀತು?

ಇದರ ಜೊತೆಗೆ ಕತೆಗಳಿಗೂ ಏನೋ ಬಡಿಯಿತು. ಮೊದಲು ಮಾವನ ಕತೆಯಲ್ಲಿ ಎಲ್ಲರೂ ಬಾಯಿಬಡುಕರೇ. ಎತ್ತು ಹರಟೆ ಹೊಡೆಯುತ್ತಿತ್ತು, ಬಾವಿ ಬೈಯುತ್ತಿತ್ತು. ಈಗ ಒಬ್ಬರೂ ತುಟಿ ಬಿಚ್ಚುವುದಿಲ್ಲ. ಹಾರುತ್ತಾರೆ, ಉರುಳುತ್ತಾರೆ, ಅಳುತ್ತಾರೆ, ಅಪ್ಪಿಕೊಳ್ಳುತ್ತಾರೆ, ಮಾತು ಮಾತ್ರ ಇಲ್ಲ! ಓದುಗರು ಪತ್ರಿಕೆಗೆ ಬರೆದರು. ಈ ಊರಿಗೆ ಯಾರ ಶಾಪ ಎಂದು ಒಬ್ಬರು, ಎಲ್ಲರಿಗೂ ಒಮ್ಮೆಲೇ ಗಂಟಲು ಬೇನೆಯೇ ಎಂದು ಇನ್ನೊಬ್ಬರು. ಕೊನೆಗೆ ಸಂಪಾದಕರೇ ಬರೆದರು: ಪುಸ್ತಕ ತರಲು ನಾವು ತಯಾರು, ಆದರೆ ಕತೆಗಳಲ್ಲಿ ಮಾತು ತುಂಬಿಕೊಡಿ, ಇಲ್ಲವಾದರೆ ಆಗದು.

ಮಾವ ಒಲ್ಲೆನೆಂದ! ಜೀವಮಾನದ ಆಸೆ ಬಾಗಿಲಿಗೆ ಬಂದು ನಿಂತಿದೆ, ಈತ ಅಗಳಿ ಹಾಕುತ್ತಾನೆ!

ನಿಲಂಗಾದಲ್ಲಿದ್ದ ನನ್ನವ್ವ ತಮ್ಮನ ಸುದ್ದಿ ಕೇಳಿ ಹೌಹಾರಿದಳು. "ಹುಟ್ಟಿದಾಗಿಂದ ಬಾಯಿ ಮುಚ್ಚದವನ ಕತಿಯೊಳಗ ಮಾತಿಲ್ಲಂದ್ರ ಏನೋ ಆಗ್ಯಾದ. ಹೋಗು, ಬುದ್ಧಿ ಹೇಳಿ ಬಾ," ಎಂದು ನನ್ನನ್ನು ಅಟ್ಟಿದಳು. ನಾನೂ ಬಯ್ಯಬೇಕಾದದ್ದನ್ನೆಲ್ಲ ದಾರಿಯುದ್ದಕ್ಕೂ ಹೊಂದಿಸಿಕೊಂಡು ಉಮರ್ಗಾ ಮುಟ್ಟಿದೆ.

ಮುಂಜಾನೆ. ಅತ್ತೆ ನನಗೆ ಬೆನ್ನು ಮಾಡಿ ರೊಟ್ಟಿ ಬಡಿಯುತ್ತಿದ್ದಳು. ಆಕೆಯ ಎದುರಿಗೆ ಮಾವ, ನನ್ನ ಅಂಗಡಿಯ ಮಾಂಜರಪಾಟವನ್ನೇ ತೋಳಿಗೆ ಕಟ್ಟಿಕೊಂಡು ಹಾರುತ್ತಿದ್ದ. "ಅತ್ತಿ, ನಾ ಬಂದೀನಿ," ಎಂದೆ. ಅತ್ತೆ ತಿರುಗಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ಇಲ್ಲ. ಅಷ್ಟರಲ್ಲಿ ಆಕೆಯನ್ನು ಸುತ್ತಿ ಹಾರಿದ ಮಾವನ ರೆಕ್ಕೆ ತಾಗಿ ಅತ್ತೆಯ ಬೆನ್ನ ಹಿಂದಿದ್ದ ಹಿತ್ತಾಳೆ ತಂಬಿಗೆ ಗೋಡೆಯ ಗೂಡಿನಿಂದ ಢಣ್ಣೆಂದು ಬಿತ್ತು. ಬೆಕ್ಕು ಹೊರಗೋಡಿತು, ನಾನೂ ಬೆಚ್ಚಿಬಿದ್ದೆ. ಅತ್ತೆಯ ಕೈ ಮಾತ್ರ ಒಂದೇ ಹದದಲ್ಲಿ ರೊಟ್ಟಿ ಬಡಿಯುತ್ತಲೇ ಇತ್ತು. ಮಾವ ಮತ್ತೆ ಎದುರಿಗೆ ಬಂದು ರೆಕ್ಕೆ ಇಳಿಸಿ, ಎತ್ತು ನೆಲಕ್ಕಿಳಿದಂತೆ ಮಂಡಿಯೂರಿ, ಆಕೆಯ ಮುಖ ನೋಡಿದ.

"ಹೂಂ," ಅಂದಳು ಅತ್ತೆ.

ಮಾವ ನನ್ನನ್ನು ನೋಡಿದ. ನಾನು ಮಾವನನ್ನು ನೋಡಿದೆ. ಹೊಂದಿಸಿಕೊಂಡು ಬಂದಿದ್ದ ಬೈಗುಳವೆಲ್ಲ ಎಲ್ಲಿ ಹೋಯಿತೋ! ಆತ ನನ್ನ ತೋಳು ಹಿಡಿದು ಅಂಗಳದಾಚೆಯ ಕೊಟ್ಟಿಗೆಗೆ ಕರೆದುಕೊಂಡು ಹೋದ.

"ಎಂದಿನಿಂದ ಮಾಮಾ?"

"ಭಾಳ ದಿನ ಆತು. ಒಂದಿನ ಓದೂದು ನಿಲ್ಲಿಸಿ ಎಲಿ ಅಡಕಿ ಅಗೀಲಿಕ್ಹತ್ತಿದ್ದೆ. ನನ್ನ ಬಾಯಿ ಆಡೂದು ನೋಡಿ ಹೂಂ ಅಂದ್ಲು. ಅಗದಷ್ಟೂ ಹೂಂ ಅಂದ್ಲೋ!" ಎಂದು ನಗಲು ಹೋದ. ನಗು ಅರ್ಧಕ್ಕೇ ನಿಂತಿತು. "ಕೇಳಸೂದಿಲ್ಲಂತ ನನಗ ತೋರಿಸಿಕೊಳ್ಳೂದಿಲ್ಲ ಆಕಿ. ನನಗ ಗೊತ್ತದ ಅಂತ ಆಕಿಗಿ ಗೊತ್ತಾಗಬಾರದು. ಅದಕ್ಕ ಹಾರತೀನಿ. ಈಗ ನೀ ಹೇಳು, ಕತಿಯೊಳಗ ಮಾತ ಹಾಕಿದ್ರ ಆಕಿ ಹ್ಯಾಂಗ ಕೇಳಬೇಕು?"

"ಮತ್ತ ಪುಸ್ತಕ, ಮಾಮಾ?"

ಮಾವ ಎತ್ತಿನ ಕೊರಳ ಗಂಗೆದೊಗಲು ನೇವರಿಸಿದ. "ಆಸಿ ಅದಪ್ಪಾ. ಇಲ್ಲ ಅಂದ್ರ ಸುಳ್ಳ ಆಗತದ. ಖರೇ ಸೊಲ್ಲಾಪುರದಾಗ ಓದವರು ಹೂಂ ಅಂದ್ರ ನನಗ ಇಲ್ಲಿ ಕೇಳಸತದೇನು?"

ಪುಸ್ತಕ ಬರಲಿಲ್ಲ. ಮಾತು ತುಂಬೆಂದು ನಾನೂ ಹೇಳಲಿಲ್ಲ.

ಮಾವ ಕೊಟ್ಟಿಗೆಯಲ್ಲಿ ಮೇವು ಹಾಕುತ್ತ ಉಳಿದ. ನಾನು ಹೊರಡುತ್ತೇನೆಂದು ಹೇಳಲು ಒಳಗೆ ಹೋಗಿ ಅತ್ತೆಯ ಎದುರಿಗೆ ಕುಳಿತೆ. ಆಕೆ ಬಿಸಿ ರೊಟ್ಟಿ ಹಾಕಿದಳು, ಬೆಣ್ಣೆ ಇಟ್ಟಳು. ನನ್ನ ಮುಖದಲ್ಲಿ ಏನು ಕಂಡಳೋ, ಆಚೀಚೆ ನೋಡಿ, ನನ್ನ ಕಿವಿಯ ಹತ್ತಿರ ಬಾಗಿ ಗುಟ್ಟು ಹೇಳಿದಳು. ಗುಟ್ಟೆಂದು ಆಕೆ ತಿಳಿದಿದ್ದಳು, ಅಷ್ಟೇ. ಆ ದನಿಗೆ ಬೀದಿಯ ನಾಯಿ ಎದ್ದು ನಿಂತಿರಬೇಕು!

"ನನಗ ಕಿವಿ ಕೇಳಸವಲ್ದು ಅಂತ ನಿಮ್ಮ ಮಾಮಾಗ ಹೇಳಬ್ಯಾಡಪಾ! ತಿಳದ್ರ ಕತಿ ಹೇಳೂದು ಬಿಟ್ಟಾರು. ಮೊದಲ ಕಿವಿ ಕೇಳಸತಿದ್ದಾಗ ಅವರ ಕತಿ ನನಗ ಒಂದೂ ತಿಳೀತಿದ್ದಿಲ್ಲ, ಸುಮ್ಮ ಹೂಂ ಅಂತಿದ್ದೆ. ಈಗ ಎಲ್ಲಾ ತಿಳೀತಾವ. ಭಾಳ ಚೊಲೋ ಕತಿ ಹೇಳತಾರಪ್ಪಾ ನಿಮ್ಮ ಮಾಮಾ!"

ನನ್ನ ಬಾಯಲ್ಲಿ ರೊಟ್ಟಿಯಿತ್ತು, ಕಣ್ಣಲ್ಲಿ ನೀರಿತ್ತು. ಅಂಗಳದಾಚೆ ಮೇವಿನ ಸದ್ದು ನಿಂತಿತ್ತು. ಸ್ವಲ್ಪ ತಡೆದು ಕೊಟ್ಟಿಗೆಯಿಂದ ಒಂದು ದನಿ ಬಂತು. ಅತ್ತೆಗೆ ಕೇಳಿಸಲಿಲ್ಲ, ನನಗೆ ಕೇಳಿಸಿತು.

"ಹೂಂ."