ಹಿಂದಿನ ಸೀಟಿನದೂ ಸೇರಿಸಿ

ನಮ್ಮ ಸೋದರಮಾವನ ಜತೆ ಒಂದೇ ಬಸ್ಸಿನಲ್ಲಿ ಕೂತು, ಸ್ವಂತ ದುಡ್ಡಿನಲ್ಲಿ ಟಿಕೆಟ್ ತೆಗೆದುಕೊಂಡ ಪರಿಚಯಸ್ಥರು ಭದ್ರಾವತಿಯಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಕೈ ಎತ್ತಿ. ನೋಡಿದಿರಾ? ಒಂದು ಕೈಯೂ ಏಳಲಿಲ್ಲ!

ಮಾವನಿಗೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕನ್ನಡಕದ ಅಂಗಡಿ. ನನಗೆ ಅದೇ ಊರಿನ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ. ದಿನಾ ಬೆಳಗ್ಗೆ ಎಂಟೂಕಾಲರ ಸರ್ಕಾರಿ ಬಸ್ಸಿನಲ್ಲಿ ಭದ್ರಾವತಿಯಿಂದ ಹೊರಡುತ್ತೇವೆ. ಮಾವನಿಗೆ ಬಾಗಿಲಿನ ಪಕ್ಕದ ಸೀಟೇ ಆಗಬೇಕು. ಹತ್ತುವವರಲ್ಲಿ ಒಂದು ಗುರುತಿನ ಮುಖ ಕಂಡರೆ ಸಾಕು, ಅವರ ಟಿಕೆಟ್ ಮಾವನದು. ಗುರುತು ಎಂದರೆ ಎಷ್ಟು ಅನ್ನುತ್ತೀರಿ? ಯಾವತ್ತೋ ಅಂಗಡಿಗೆ ಬಂದು ಎಂಟು ಫ್ರೇಮು ಮೂಗಿನ ಮೇಲಿಟ್ಟು ನೋಡಿ, ಒಂದನ್ನೂ ಕೊಳ್ಳದೆ ಹೋದವರೂ ಗುರುತಿನವರೇ! ಅವರು ಜೇಬಿಗೆ ಕೈ ಹಾಕಿದರೆ ಮಾವ ಆ ಕೈಯನ್ನೇ ಹಿಡಿದುಕೊಳ್ಳುತ್ತಾರೆ.

"ಕಂಡಕ್ಟ್ರೇ, ಅವ್ರ ದುಡ್ಡು ಮುಟ್ಟಿದ್ರೆ ನಾನ್ ಇಲ್ಲೇ ಇಳ್ದು ಹೋಗ್ತೀನಿ!"

ಒಮ್ಮೆ ನಿವೃತ್ತ ಮೇಷ್ಟ್ರೊಬ್ಬರು ಹತ್ತಿದರು. ಅವರು ಬಾಯಿ ತೆರೆಯುವ ಮೊದಲೇ ಮಾವ ಶಿವಮೊಗ್ಗಕ್ಕೆ ಟಿಕೆಟ್ ತೆಗೆಸಿ ಕೈಗಿಟ್ಟರು. ಪಾಪ, ಮೇಷ್ಟ್ರು ಇಳಿಯಬೇಕಾದದ್ದು ನಡುವೆ ಮಾಚೇನಹಳ್ಳಿಯಲ್ಲಿ. ತೆಗೆಸಿದವರ ಮನಸ್ಸು ನೋಯಿಸುವುದು ಹೇಗೆ? ಸುಮ್ಮನೆ ಶಿವಮೊಗ್ಗದವರೆಗೂ ಬಂದರು. ಮಾವ ಬಲವಂತವಾಗಿ ಕಾಫಿ ಕುಡಿಸಿದರು. ಅದನ್ನೂ ಕುಡಿದು ವಾಪಸ್ ಬಸ್ ಹತ್ತಿ ಮಾಚೇನಹಳ್ಳಿಗೆ ಹೋದರಂತೆ!

ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತವಾದಾಗ ಊರೆಲ್ಲ ಸಂತೋಷಪಟ್ಟರೆ, ಮಾವ ಮಾತ್ರ ಕೆಲಸ ಕಳೆದುಕೊಂಡವರ ಹಾಗೆ ಕೂತುಬಿಟ್ಟರು.

"ಅರ್ಧ ಬಸ್ಸೇ ಕೈ ತಪ್ಪಿಹೋಯ್ತಲ್ಲೇ ಮಾರಾಯ್ತಿ!" ಎಂದು ನನ್ನೆದುರು ಅಲವತ್ತುಕೊಂಡರು. ಮಾರನೆಯ ದಿನ ಅದಕ್ಕೂ ದಾರಿ ಕಂಡುಕೊಂಡರು. ನಮಗೆ ಕೊಡುವ ಸೊನ್ನೆ ರೂಪಾಯಿಯ ಟಿಕೆಟ್ಟನ್ನು ಕಂಡಕ್ಟರ್ ಕೈಯಿಂದ ತಾವು ಇಸಿದುಕೊಂಡು, ನಮಗೆ ದಾಟಿಸತೊಡಗಿದರು. "ತಗೊಳ್ಳಮ್ಮ, ಸಂಕೋಚ ಮಾಡ್ಕೋಬೇಡ!"

ಇನ್ನು ಈ ಬಸ್ಸಿನ ಮುಖ್ಯ ಪ್ರಯಾಣಿಕರ ವಿಷಯ. ಕೊನೆಯ ಸೀಟಿನಲ್ಲಿ ಕಿಟಕಿಗೆ ಮುಖ ಮಾಡಿ ಕೂರುವ ಗುಮಾಸ್ತರು ನಮ್ಮಪ್ಪ. ಮಾವನಿಗೆ ಅಕ್ಕನ ಗಂಡ. ಆರು ವರ್ಷಗಳಿಂದ ಇಬ್ಬರಿಗೂ ಮಾತಿಲ್ಲ. ಮಾವನ ಹೊಸ ಮನೆಯ ಗೃಹಪ್ರವೇಶದ ಊಟದಲ್ಲಿ ಅಪ್ಪ ಪಕ್ಕದವರಿಗೆ, "ಅವನು ಬಸ್ ಟಿಕೆಟ್ ತೆಗೆಸಿ ತೆಗೆಸೇ ದೊಡ್ಡ ಮನುಷ್ಯ ಆದವ್ನು" ಎಂದು ನಕ್ಕಿದ್ದರು. ಹೋಳಿಗೆ ಬಡಿಸುತ್ತ ಹಿಂದೆಯೇ ನಿಂತಿದ್ದ ಮಾವ ತಟ್ಟೆಯನ್ನು ಕೆಳಗಿಟ್ಟು ಒಳಗೆ ಹೋದರು. ಅಲ್ಲಿಗೆ ಮಾತು ನಿಂತಿತು. ನಡುವೆ ಸಿಕ್ಕಿಕೊಂಡವಳು ಅಮ್ಮ.

ಆದರೆ ಟಿಕೆಟ್ ನಿಲ್ಲಲಿಲ್ಲ! ಆರು ವರ್ಷವೂ ಮಾವ ಕಂಡಕ್ಟರಿಗೆ ಮೆಲ್ಲಗೆ ಹೇಳುತ್ತಿದ್ದರು: "ಒಂದ್ ಶಿವಮೊಗ್ಗ. ಹಿಂದಿನ ಸೀಟಿನದೂ ಸೇರಿಸಿ." ಕಂಡಕ್ಟರ್ ಹಿಂದೆ ಹೋಗಿ ಟಿಕೆಟ್ ಕೊಟ್ಟರೆ ಅಪ್ಪ ಏನೂ ಕೇಳದೆ ಅದನ್ನು ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಳ್ಳುತ್ತಿದ್ದರು.

"ಮಾತು ಬಿಟ್ಟಿದ್ದೀರಲ್ಲ ಮಾವ, ಮತ್ತೆ ಇದೇನು?" ಎಂದು ನಾನು ಒಮ್ಮೆ ಕೆಣಕಿದ್ದೆ.

"ಮಾತು ಬಿಟ್ಟಿದ್ದೀನಿ ಕಣೇ, ಟಿಕೆಟ್ ಬಿಟ್ಟಿದ್ದೀನಾ?"

ಹೀಗಿರುವಾಗ ಬಂತು ನೋಡಿ ಫೋನ್ ಟಿಕೆಟ್! ಬಸ್ಸಿನೊಳಗೆ ಅಂಟಿಸಿದ ಕ್ಯೂಆರ್ ಕೋಡಿನ ಚೌಕಕ್ಕೆ ಫೋನ್ ಹಿಡಿದರೆ ಟಿಕೆಟ್ ಫೋನಿಗೇ ಬರುತ್ತದೆ, ಕಂಡಕ್ಟರಿಗೆ ತೋರಿಸಿದರಾಯಿತು. ಗಂಡಸರೆಲ್ಲ ಹತ್ತಿದವರೇ ಚೌಕಕ್ಕೆ ಫೋನ್ ಹಿಡಿಯತೊಡಗಿದರು. ಫೋನ್ ಹಿಡಿದ ಕೈಯನ್ನು ಎಷ್ಟೆಂದು ಹಿಡಿಯುವುದು?

ಮಾವ ಸೋಲುವ ಜನವೇ? ಹೊಸ ಫೋನ್ ಕೊಂಡರು. ನನ್ನನ್ನೇ ಗುರುವಾಗಿ ಮಾಡಿಕೊಂಡು ಎರಡು ದಿನದಲ್ಲಿ ವಿದ್ಯೆ ಕಲಿತರು. ಮೂರನೆಯ ದಿನ ಎಲ್ಲರಿಗಿಂತ ಮೊದಲು ಬಸ್ ಹತ್ತಿ, ಒಟ್ಟಿಗೆ ಐದು ಟಿಕೆಟ್ ತೆಗೆದಿಟ್ಟುಕೊಂಡು, ಬಾಗಿಲಲ್ಲಿ ನಿಂತು ಕರೆಯತೊಡಗಿದರು: "ಶಿವಮೊಗ್ಗ ಟಿಕೆಟ್ ಇದೆ, ಯಾರಿಗ್ ಬೇಕು?"

ಕಂಡಕ್ಟರ್ ಗಾಬರಿಯಿಂದ ಓಡಿ ಬಂದರು. "ಏನ್ ಸಾರ್ ಇದು, ಟಾಕೀಸಿನ ಮುಂದೆ ಮಾರ್ದಂಗೆ ಬ್ಲ್ಯಾಕಲ್ಲಿ ಮಾರ್ತಿದ್ದೀರಾ?"

ಬಸ್ಸೆಲ್ಲ ನಕ್ಕಿತು. ಮಾವನೂ ನಕ್ಕರು. ಅವರ ನಗು ಆರಿದ್ದು ಮರುವಾರ, ಅಪ್ಪನ ಕಚೇರಿಯ ಗೆಳೆಯರು ಅಪ್ಪನಿಗೂ ಫೋನ್ ಟಿಕೆಟ್ ಕಲಿಸಿಕೊಟ್ಟ ಮೇಲೆ. ಅಪ್ಪನದು ಹೊಸ ಆಟಿಕೆ ಸಿಕ್ಕ ಸಂಭ್ರಮ ಅಷ್ಟೆ, ಕೆಟ್ಟ ಉದ್ದೇಶವೇನೂ ಇರಲಿಲ್ಲ. ಮಾವ ಎಂದಿನಂತೆ "ಹಿಂದಿನ ಸೀಟಿನದೂ ಸೇರಿಸಿ" ಎಂದರು.

"ಅವ್ರದ್ದು ಫೋನಲ್ಲೇ ಆಗಿದೆ ಸಾರ್," ಎಂದರು ಕಂಡಕ್ಟರ್.

ಮಾವ ತಿರುಗಿ ನೋಡಿದರು. ಅಪ್ಪ ಕಿಟಕಿಯ ಕಡೆ ನೋಡುತ್ತಿದ್ದರು. ಅವತ್ತು ಮಾವ ಯಾರ ಕೈಯನ್ನೂ ಹಿಡಿಯಲಿಲ್ಲ. ಮರುದಿನವೂ ಇಲ್ಲ. ಬಾಗಿಲಿನ ಪಕ್ಕದ ಸೀಟು ಖಾಲಿ ಇದ್ದರೂ ನಡುವೆ ಎಲ್ಲೋ ನನ್ನ ಪಕ್ಕ ಬಂದು ಕೂತರು. ನಮ್ಮ ಎರಡು ಮನೆಗಳ ನಡುವೆ ಉಳಿದಿದ್ದದ್ದು ಅದೊಂದೇ ಚೀಟಿ.

ಭಾನುವಾರ ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದೆ: "ಮಾವ ಈಗ ಯಾರ ಟಿಕೆಟ್ಟೂ ತೆಗೆಸೋದಿಲ್ಲಮ್ಮ." ಅಮ್ಮ ಸೌಟು ಹಿಡಿದುಕೊಂಡೇ ನಿಂತಳು. ಅಪ್ಪ ಮಜ್ಜಿಗೆಯನ್ನೂ ಹಾಕಿಸಿಕೊಳ್ಳದೆ ಎದ್ದರು.

ಸೋಮವಾರ ಬಸ್ ಹೊರಟಿತು. ಕಂಡಕ್ಟರ್ ಮೊದಲು ಕೊನೆಯ ಸೀಟಿಗೆ ಹೋದರು. ಇದ್ದಕ್ಕಿದ್ದಂತೆ ಅಪ್ಪನ ದನಿ, ಡ್ರೈವರಿಗೂ ಕೇಳುವಷ್ಟು ಜೋರಾಗಿ! ಜನ್ಮದಲ್ಲಿ ದನಿ ಎತ್ತದ ಮನುಷ್ಯ.

"ಫೋನಿಗೆ ಚಾರ್ಜಿಲ್ಲ ಕಣಯ್ಯ! ಆಫ್ ಆಗಿಬಿಟ್ಟಿದೆ!"

"ಕ್ಯಾಶ್ ಕೊಡಿ ಸಾರ್."

"ಪರ್ಸೂ ಮರೆತು ಬಂದಿದ್ದೀನಿ!"

ಬೆಳಗ್ಗೆ ತಾನೇ ಅಪ್ಪ ಫೋನನ್ನು ಚಾರ್ಜರಿನಿಂದ ಕಿತ್ತು ಜೇಬಿಗೆ ಹಾಕಿಕೊಂಡದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಪಕ್ಕದಲ್ಲಿ ಮಾವ ಆಗಲೇ ಎದ್ದು ನಿಂತಿದ್ದರು.

"ಕಂಡಕ್ಟ್ರೇ! ನನ್ ಫೋನಲ್ಲಿ ತೆಗೀತೀನಿ ಇರ್ರೀ!"

ಚೌಕಕ್ಕೆ ಫೋನ್ ಹಿಡಿದು ಎರಡು ಟಿಕೆಟ್ ತೆಗೆದರು. ಕಂಡಕ್ಟರ್ ಅದನ್ನು ನೋಡಿ, ಅಪ್ಪನ ಕಡೆ ತಿರುಗಿ ಗಂಭೀರವಾಗಿ ಹೇಳಿದರು: "ಸಾರ್, ಎರಡೂ ಒಂದೇ ಫೋನಲ್ಲಿದಾವೆ. ಚೆಕಿಂಗ್ ಬಂದ್ರೆ ಕಷ್ಟ. ಇಬ್ರೂ ಒಟ್ಟಿಗೇ ಕೂತ್ಕೊಳ್ಳಿ." ಅಂಥ ರೂಲು ಇದೆಯೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ನಾನು ಎದ್ದು ಜಾಗ ಬಿಟ್ಟೆ. ಅಪ್ಪ ಕಂಬಿ ಹಿಡಿದುಕೊಂಡು ಬಂದು ಮಾವನ ಪಕ್ಕ ಕೂತರು. ಇಬ್ಬರೂ ಎದುರಿನ ಸೀಟನ್ನೇ ನೋಡುತ್ತಿದ್ದರು. ಮಾಚೇನಹಳ್ಳಿ ದಾಟಿತು. ಆಗ, ಚಾರ್ಜಿಲ್ಲದೆ ಆಫ್ ಆಗಿದ್ದ ಅಪ್ಪನ ಫೋನು ಜೇಬಿನೊಳಗೆ ಜೋರಾಗಿ ಹೊಡೆದುಕೊಳ್ಳತೊಡಗಿತು.

ಅಪ್ಪ ಅಲುಗಾಡಲಿಲ್ಲ. ಅದು ಹೊಡೆದುಕೊಳ್ಳುತ್ತಲೇ ಇತ್ತು. ಕೊನೆಗೆ ಮಾವ ತಲೆ ತಗ್ಗಿಸಿಯೇ ಹೇಳಿದರು, ಆರು ವರ್ಷಗಳ ಮೇಲೆ:

"ಭಾವ, ನಿಮ್ ಫೋನು."

"ಹೊಡ್ಕೊಳ್ಳಲಿ ಬಿಡು ಮಾರಾಯ," ಎಂದರು ಅಪ್ಪ. ಎಂದು, ಮಾವನ ಕೈ ಹಿಡಿದುಕೊಂಡರು.