ತಂಗಿಗೊಂದು ಗಂಡು, ಹೊಡೆದಾಟಕ್ಕೊಂದು ಜಾಗ

ಮಂದಿಗಿ ಜೀವನದಾಗ ಒಮ್ಮೆನೋ ಎರಡ್ಸಲನೋ ಮಾನ ಹೋಗ್ತದ. ನಂದು ವಾರಕ್ಕೊಮ್ಮೆ ಹೋಗ್ತದ, ಅದೂ ನನ್ನ ಕೈಯಾರೆ.

ಶಹಾಪುರದಾಗ ನಂದು ಟೆಂಟ್ ಹೌಸ್ ಅದ. ಶಾಮಿಯಾನಾ, ಕುರ್ಚಿ, ಅಡಗಿ ಪಾತ್ರಿ ಬಾಡಿಗಿ ಕೊಡೂ ಧಂದೆ. ನನಗೊಂದು ಚಟ ಅದ. ಕುಡಿಯೂದಲ್ಲ, ಇಸ್ಪೀಟಲ್ಲ, ಕಥಿ ಆಟ. ಐತವಾರ ಮಧ್ಯಾಹ್ನ ಮೇಜಿನ ಸುತ್ತ ನಾಕು ಮಂದಿ ಕೂಡ್ತೀವಿ. ನಾ ಕಥಿ ಹೇಳಾಂವ, ಉಳಿದ ಮೂವರು ಅದರಾಗಿನ ಹೀರೋಗಳು. "ನಿನ್ನ ಮುಂದ ಐದು ಮಂದಿ ಗೂಂಡಾ ನಿಂತಾರ, ಏನ್ ಮಾಡ್ತಿ?" ಅಂತ ನಾ ಕೇಳ್ತೀನಿ. "ಕಂಬ ಹಿಡದು ಗರ್ರನ ತಿರುಗಿ ಒದೀತೀನಿ" ಅಂತ ಅವರು ಹೇಳ್ತಾರ. ಆಮ್ಯಾಲೆ ಇಪ್ಪತ್ತು ಮುಖದ ದಾಳ ಉರುಳಸ್ತಾರ. ದೊಡ್ಡ ಅಂಕಿ ಬಂದ್ರ ಒದಿಕಿ ಬೀಳ್ತದ, ಸಣ್ಣದು ಬಂದ್ರ ತಾವೇ ಬೀಳ್ತಾರ.

ಆಡೂ ಮೂವರು ಯಾರಂದ್ರ, ಖಾನಾವಳಿ ನಡಸೂ ನನ್ನ ಗೆಳೆಯ, ಒಬ್ಬ ಲೈನ್‌ಮನ್, ಮತ್ತ ನನ್ನ ತಂಗಿ. ಆಟ ನಡಿಯೂದು ಖಾನಾವಳಿ ಹಿಂದಿನ ಖೋಲಿಯಾಗ. ತಂಗಿ ಬಿ.ಎಡ್. ಮುಗಿಸಿ ಸಾಲ್ಯಾಗ ಕಲಸ್ತಾಳ, ಭಾಳ ಸಂಭಾವಿತಾಕಿ. ಆಟದಾಗ ಮಾತ್ರ ಎರಡು ಕೈಯಾಗ ಎರಡು ಕುಡಗೋಲು.

ಒಮ್ಮೆ ಆಕಿನೇ ಅಂದಳು, "ಅಣ್ಣಾ, ಸಿನಿಮಾದಾಗ ನೋಡಿದ್ದೇ ನೋಡಾಕತ್ತೀವಿ. ಎಷ್ಟು ಸಲ ಅದೇ ಗೋದಾಮು, ಅದೇ ಖಾಲಿ ಡ್ರಮ್ಮು? ಯಾರೂ ಹೊಡೆದಾಡದ ಜಾಗದಾಗ ಹೊಡೆದಾಟ ಹಚ್ಚು." ಅವತ್ತಿನಿಂದ ಎಲ್ಲಿಗೆ ಹೋದ್ರೂ ನನಗ ಅದೇ ಧ್ಯಾನ. ಇನ್ನೊಂದು ಕಡೆ ಅಪ್ಪ ಇಲ್ಲ, ತಂಗಿ ಲಗ್ನದ ಜವಾಬ್ದಾರಿ ನನ್ನ ಮ್ಯಾಲೆ. ಆಕಿಗಿ ಗಂಡು ಹುಡುಕೂದೂ ಇದೇ ಕಣ್ಣು, ಹೊಡೆದಾಟಕ್ಕ ಜಾಗ ಹುಡುಕೂದೂ ಇದೇ ಕಣ್ಣು. ಇದರಿಂದ ಆದ ಅನಾಹುತ ಬರೀಲಿಕ್ಕೂ ನಾಚಿಕಿ ಆಗ್ತದ.

ಮೆಣಸಿನಕಾಯಿ ರಾಶಿ

ಕೆಂಭಾವಿ ಸಂತಿಗಿ ಹಗ್ಗ ತರಾಕ ಹೋಗಿದ್ದೆ. ಹಗ್ಗ ತಗೊಂಡು ಸುಮ್ನ ಬರ್ಬೇಕಿತ್ತು. ಒಣ ಮೆಣಸಿನಕಾಯಿ ರಾಶಿ ಕಣ್ಣಿಗಿ ಬಿತ್ತು, ಕೆಂಪನ್ನ ಕೆಂಪು, ನನ್ನ ಎದಿಮಟ. ತಲ್ಯಾಗ ಹೊಡೆದಾಟ ಶುರು ಆತು. ಖಳನಾಯಕ ಕಾಜಿನ ಬಳಿ ಅಂಗಡಿ ಮುಂದಿಂದ ಓಡಿ ಬರ್ತಾನ, ಉಳ್ಳಾಗಡ್ಡಿ ಮ್ಯಾಲೆ ಕಾಲು ಜಾರ್ತದ, ನೆಟ್ಟಗ ಈ ರಾಶ್ಯಾಗ ಬೀಳ್ತಾನ.

ಬಳಿ ಅಂಗಡಿಯಿಂದ ರಾಶಿತನಕ ಎಷ್ಟು ಹೆಜ್ಜಿ ಅಂತ ಒಮ್ಮೆ ನಡದು ನೋಡಿದೆ. ಎರಡು ಸಲ ಓಡಿ ನೋಡಿದೆ. ರಾಶಿ ಹಿಂದ ಕುಂತಿದ್ದ ಮುದಿಕಿ ತಕ್ಕಡಿ ಕೆಳಗಿಟ್ಟಳು.

"ಏನ್ ಬೇಕೋ ಯಪ್ಪಾ?"

"ಏನಿಲ್ಲವ್ವ. ಈ ರಾಶ್ಯಾಗ ಒಬ್ಬ ಮನಷ್ಯಾ ಬಕ್ಕಬಾರ್ಲೆ ಬಿದ್ದ ಅಂದ್ರ, ಎಷ್ಟೊತ್ತು ಕಣ್ಣು ಬಿಡಂಗಿಲ್ಲ?"

ಮುದಿಕಿ ನನ್ನ ಮ್ಯಾಲಿಂದ ಕೆಳಗ ನೋಡಿದಳು. "ನನಗೇನ್ ಗೊತ್ತು? ನೀ ಬೀಳು, ನಾ ಎಣಸ್ತೀನಿ."

ಸುತ್ತಿನ ಮಂದಿ ಬಿದ್ದು ಬಿದ್ದು ನಕ್ಕರು. ನಗದೇ ನಿಂತಾಂವ ಒಬ್ಬನೇ, ಕೈಯಾಗ ಚೀಲ ಹಿಡಕೊಂಡು. ಸುರಪುರದ ಗಂಡಿನ ಸೋದರಮಾವ. ಹಿಂದಿನ ವಾರ ನಮ್ಮ ಮನ್ಯಾಗ ಚಾ ಕುಡದು, ತಂಗಿನ್ನ ಮೆಚ್ಚಿ ಹೋದಾಂವ. "ಆರಾಮ ಅದೀರಿಲ್ರಿ?" ಅಂದ. ನಮ್ಮ ಕಡಿ ಇದನ್ನ ಎಲ್ಲಾರಿಗೂ ಒಮ್ಮೆ ಕೇಳ್ತಾರ. ಅಂವ ನನಗ ಮೂರು ಸಲ ಕೇಳಿದ.

ಎರಡು ದಿನಕ್ಕ ಆ ಮನಿಯಿಂದ ಫೋನ್ ಬಂತು. ಹುಡುಗ ಇನ್ನೂ ಮುಂದ ಓದ್ತಾನಂತ, ಈಗ ಲಗ್ನ ಬ್ಯಾಡಂತ. ಹುಡುಗಗ ಮೂವತ್ಮೂರು ವರ್ಷ, ಕಿರಾಣಿ ಅಂಗಡಿ ನಡಸ್ತಾನ.

ತೊಟ್ಟಿಲ ಹಾಡು

ಒಂದು ಐತವಾರ ಆಟದಾಗ ತಂಗಿ, "ಶಾಮಿಯಾನದ ಅಂಚು ಹಿಡದು ಜೋತು ಬಿದ್ದು ಗೂಂಡಾನ ಎದಿಗಿ ಒದೀತೀನಿ" ಅಂದಳು. ಲೈನ್‌ಮನ್ ಒಪ್ಪಲಿಲ್ಲ. "ಮನಷ್ಯಾನ ಭಾರ ಅದು ತಡಿಯಂಗಿಲ್ಲ" ಅಂದ. ತಕ್ರಾರು ಹತ್ತಿತು. ಟೆಂಟ್ ಹೌಸಿನವ ನಾ ಇದ್ದೂ ನನಗ ಉತ್ತರ ಗೊತ್ತಿಲ್ಲಂದ್ರ ಹೆಂಗ? "ನೋಡಿ ಹೇಳ್ತೀನಿ" ಅಂದೆ.

ಮುಂದಿನ ವಾರ ಸುರಪುರದಾಗ ಒಬ್ಬರ ಮನಿ ಕೂಸಿನ ತೊಟ್ಟಿಲ ಕಾರ್ಯಕ್ರಮ, ಶಾಮಿಯಾನಾ ನಂದೇ. ಕೂಸು ಒಳಗ ತಾಯಿ ಹಂತ್ಯಾಕ ಇತ್ತು. ಅಂಗಳದಾಗ ಇಪ್ಪತ್ತು ಮಂದಿ ಹೆಣ್ಮಕ್ಕಳು ಕುಂತು ತೊಟ್ಟಿಲ ಹಾಡು ಹೇಳಾಕತ್ತಿದ್ರು. ಯಾರೂ ನೋಡಾಕತ್ತಿಲ್ಲ ಅಂತ ಹಿಂದ ಹೋಗಿ, ಅಂಚಿನ ಪೈಪ್ ಹಿಡದು ಎರಡೂ ಕಾಲು ಎತ್ತಿದೆ.

ಒಂದು ಗಳಿಗಿ ತಡೀತು. ಆಮ್ಯಾಲೆ ಇಡೀ ಶಾಮಿಯಾನಾ ಸಾವಕಾಶ ಆ ಇಪ್ಪತ್ತು ಮಂದಿ ಮ್ಯಾಲೆ ಇಳೀತು. ನನ್ನ ಜೀವ ಬಾಯಿಗಿ ಬಂತು. ಆದ್ರ ಹಾಡು ನಿಲ್ಲಲಿಲ್ಲ. ಬಟ್ಟಿ ಕೆಳಗ ಕುಂಬಳಕಾಯಿ ಇಟ್ಟಂಗ ತಲಿ ಕಾಣಾಕತ್ತಿದ್ವು, ಒಳಗಿಂದ ಹಾಡು ಬರಾಕತ್ತಿತ್ತು. ಕಡೀ ನುಡಿ ಮುಗಿಸಿದ ಮ್ಯಾಲೆ ಒಬ್ಬ ಹಿರೇಮನಷಾಳು ಸೆರಗು ಸರಿ ಮಾಡ್ಕೋತ ಹೊರಗ ಬಂದಳು.

"ತೊಟ್ಟಿಲ ಹಾಡು ಅರ್ಧಕ್ಕ ಬಿಡಬಾರ್ದು ಅಂತ ಮುಗಿಸೀವಿ. ಈಗ ಹೇಳು, ಇದು ಹೆಂಗ ಬಿತ್ತು?"

"ಗಾಳಿ ಭಾಳ ಅದವ್ವ" ಅಂದೆ.

ಆಕಿ ತಲಬಾಗಿಲ ಕಡಿ ಬೊಟ್ಟು ಮಾಡಿ ತೋರ್ಸಿದಳು. ಅಲ್ಲಿ ಒಬ್ಬಾಕಿ ಆರತಿ ಹಿಡಕೊಂಡು ನಿಂತಿದ್ದಳು. ದೀಪ ಒಂಚೂರೂ ಅಲುಗದ ಉರಿಯಾಕತ್ತಿತ್ತು.

ಗೂಂಡಾಗಳ ಊಟ

ಆ ಸುದ್ದಿ ನಾ ಶಹಾಪುರ ಮುಟ್ಟೂದ್ರಾಗ ಮುಟ್ಟಿತ್ತು. ತಂಗಿಗಿ ನೋಡಿದ್ದ ಎರಡನೇ ಸಂಬಂಧದವರು ಫೋನ್ ಎತ್ತೂದು ಬಿಟ್ರು. ಅವ್ವ ಎರಡು ದಿನ ನನ್ನ ಕೂಡ ಮಾತಾಡಲಿಲ್ಲ. ಮೂರನೇ ದಿನ ಮಾತಾಡಿದಳು, ಅದು ಇನ್ನೂ ಕೆಟ್ಟ ಆತು. "ನಿನ್ನ ತಂಗಿ ಬಾಯಿಬಿಟ್ಟು ನಿನಗ ಏನೂ ಅನ್ನಂಗಿಲ್ಲ. ಆದ್ರ ಅಪ್ಪ ಇಲ್ಲದ ಹುಡುಗಿಗಿ ಮಂದಿ ಅಣ್ಣನ್ನ ನೋಡ್ತಾರ. ನಿನ್ನ ನೋಡಿದ್ರ ಏನ್ ಕಾಣ್ತದ?" ಅಂದಳು. ನನಗ ಖರೇನೇ ನೆಲದಾಗ ಇಳದು ಹೋಗ್ಬೇಕು ಅನಿಸ್ತು.

ಇನ್ನ ಮ್ಯಾಲೆ ಹೊಡೆದಾಟ ಏನಿದ್ರೂ ಖೋಲಿಯಾಗ, ಬಾಯಿಲೆ ಅಷ್ಟೇ, ಹೊರಗ ಎಲ್ಲೂ ಅಳತಿ ಮಾಡೂದಿಲ್ಲ ಅಂತ ಠರಾಯಿಸಿದೆ. ಮುಂದಿನ ಐತವಾರ ಹೊಸ ಜಾಗ ಹೇಳಿದೆ. ಹತ್ತಿ ಹೇರಿದ ಟ್ರ್ಯಾಕ್ಟರ್ ಹತ್ತಿಕುಣಿ ಕೆರಿ ದಂಡಿಗಿ ಓಡಾಕತ್ತದ, ಹತ್ತಿ ಮ್ಯಾಲೆ ಹೊಡೆದಾಟ, ತಲಿ ಮ್ಯಾಲೆ ಕರೆಂಟ್ ತಂತಿ. "ತಂತಿಗಿ ಕುಡಗೋಲು ಹಾಕಿ ಜಾರಿ ಹೋಗ್ತೀನಿ" ಅಂತ ತಂಗಿ ದಾಳ ಎತ್ತಿದಳು. ಲೈನ್‌ಮನ್ ಆಕಿ ಕೈ ತಡದ.

"ಲೈನ್ ಕ್ಲಿಯರ್ ತಗೊಂಡೀರೇನು?"

"ಹಂಗಂದ್ರ?"

"ಸ್ಟೇಷನ್ನಿಗಿ ಫೋನ್ ಹಚ್ಚಿ, ಕರೆಂಟ್ ಬಂದ್ ಮಾಡ್ಸಿ, ಹೂಂ ಅನ್ನಿಸ್ಕೊಂಡ ಮ್ಯಾಲೆ ತಂತಿ ಮುಟ್ಟೂದು."

"ಇದು ಆಟ ಮಾರಾಯಾ."

"ಆಟದಾಗೂ ಮುಟ್ಟಂಗಿಲ್ಲ. ನಾ ಇದ್ದಾಗಂತೂ ಮುಟ್ಟಂಗಿಲ್ಲ."

ಬ್ಯಾರೆ ದಾರಿ ಇಲ್ಲದ ನಾನೇ ಸ್ಟೇಷನ್ನಿನ ಮನಷ್ಯಾ ಆದೆ. ಅಂವ ಕಿವಿಗಿ ಕೈ ಹಚ್ಚಿ ಫೋನ್ ಮಾಡಿದ. ಸಿಟ್ಟಿನಾಗ ನಾನೂ, "ಸಾಹೇಬ್ರು ಊಟಕ್ಕ ಹೋಗ್ಯಾರ, ಒಂದು ತಾಸು ಬಿಟ್ಟು ಮಾಡ್ರಿ" ಅಂದೆ. ಲೈನ್‌ಮನ್ ಹೌದೌದು, ಬರಾಬರ್ ಹಿಂಗೇ ಆಗ್ತದ ಅಂತ ಸಮಾಧಾನಲೇ ಕುಂತ.

ಖಾನಾವಳಿ ಗೆಳೆಯ ಕೇಳಿದ, "ಅಲ್ಲಿತನಕ ಗೂಂಡಾಗಳು ಏನ್ ಮಾಡ್ತಾರ?"

"ಹತ್ತಿ ಮ್ಯಾಲೆ ಕುಂದರ್ತಾರ."

"ಮಧ್ಯಾಹ್ನದ ಹೊತ್ತು, ಪಾಪ. ನಾ ಎಲ್ಲಾರಿಗೂ ರೊಟ್ಟಿ, ಝುಣಕ ನೀಡ್ತೀನಿ" ಅಂತ ದಾಳ ಉರುಳಿಸಿದ. ಇಪ್ಪತ್ತು ಬಿತ್ತು. ಆ ಅಂಕಿ ಬಿದ್ರ ಹೇಳಿದ್ದು ನಡೀಲೇಬೇಕು, ಅದು ಆಟದ ಕಾಯ್ದೆ. ಗೂಂಡಾಗಳು ಹೊಟ್ಟಿ ತುಂಬ ಉಂಡ್ರು. ಉಂಡ ಮನಿಯವರ ಮ್ಯಾಲೆ ಕೈ ಎತ್ತಂಗಿಲ್ಲ ಅಂತ ಕೈ ಮುಗದು ಇಳದು ಹೋದ್ರು. ಎರಡು ದಿನ ಕುಂತು ಬರೆದ ಹೊಡೆದಾಟದಾಗ ಒಂದು ಏಟೂ ಬೀಳಲಿಲ್ಲ.

"ಅಣ್ಣಾ, ಗೋದಾಮೇ ಚಲೋ ಇತ್ತು" ಅಂದಳು ತಂಗಿ.

ಬಳಿಚಕ್ರದ ಮಾಳಿಗಿ

ಮೂರನೇ ಸಂಬಂಧ ಬಳಿಚಕ್ರದ್ದು. ಹುಡುಗ ಸಾಲಿ ಮಾಸ್ತರ. ಮನಿಗಿ ಬಂದು ನೋಡಿ ಹೋದ, ತಂಗಿಗೂ ಮನಸಿಗಿ ಬಂದಿದ್ದ. ನಮ್ಮ ಕಡಿ ಹೆಣ್ಣಿನವರು ತಿರುಗಿ ಗಂಡಿನ ಮನಿ ನೋಡಾಕ ಹೋಗೂ ಪದ್ಧತಿ ಅದ. ಹೊಲ ಹೆಂಗ, ನೀರು ಎಲ್ಲಿಂದ, ಅತ್ತಿ ಮಾತು ಎಂಥಾದು, ಎಲ್ಲಾ ನೋಡಿ ಬರೂದು. ಹೊರಡೂ ಮುಂದ ತಂಗಿ ನನ್ನ ಅಂಗಿ ತೋಳು ಹಿಡದಳು. "ಅಣ್ಣಾ, ಇದು ಕೆಟ್ಟರ ನಾ ನಿನ್ನ ಕೂಡ ಮಾತಾಡಂಗಿಲ್ಲ." ಕಣ್ಣಾಗ ನೀರಿತ್ತು. ಅವ್ವ, "ಮಾತು ನಿಮ್ಮ ಕಾಕಾ ಆಡ್ತಾನ, ನೀ ತಲಿ ಅಷ್ಟೇ ಆಡ್ಸು" ಅಂದಳು.

ಅರ್ಧ ತಾಸು ತಲಿ ಆಡಿಸಿದೆ. ಆಮ್ಯಾಲೆ ಹುಡುಗನ ಅಪ್ಪ, "ಬರ್ರಿ, ಮನಿ ತೋರಸ್ತೀನಿ" ಅಂತ ಎಬ್ಬಿಸಿದ್ರು. ಅಲ್ಲಿಗೆ ನನ್ನ ನಸೀಬ ಕೆಟ್ಟಿತು. ಏನ್ ಮನಿ ಅದು. ದಪ್ಪ ಗ್ವಾಡಿ, ಮಣ್ಣಿನ ಮಾಳಿಗಿ, ಮಾಳಿಗ್ಯಾಗ ಬೆಳಕಿಂಡಿ, ಹಿತ್ತಲದಾಗ ಎಮ್ಮಿ ಕೊಟ್ಟಿಗಿ, ಅದರ ಮ್ಯಾಲೆ ತಗಡು. ಇಂಥಾ ಜಾಗ ನನಗ ಎಲ್ಲೂ ಸಿಕ್ಕಿರಲಿಲ್ಲ. ತಂಗಿ, ಲಗ್ನ, ಅವ್ವನ ಮಾತು, ಎಲ್ಲಾ ಮರತು ಹೋತು.

"ಈ ಬೆಳಕಿಂಡ್ಯಾಗ ಒಬ್ಬ ಮನಷ್ಯಾ ತೂರಿ ಮ್ಯಾಲೆ ಹೋಗ್ಬಹುದೇನ್ರಿ?" ಅಂದೆ.

"ತೆಳ್ಳಗಿದ್ರ ಹೋಗ್ಬಹುದ್ರಿ" ಅಂದ್ರು ಅವರು, ಒಂದೀಟು ಆಶ್ಚರ್ಯದಲೇ.

"ಹಿಂದಿನ ಬಾಗಿಲ ಚಿಲಕ ಒಳಗದ ಏನ್ರಿ, ಹೊರಗದ ಏನ್ರಿ?"

"ಒಳಗ್ರಿ."

ಅವ್ವ ಬೆನ್ನಿಗಿ ಚಿವುಟಿದಳು. ನನಗ ಹತ್ತಲೇ ಇಲ್ಲ. ದಬದಬ ಮಾಳಿಗಿ ಏರಿದೆ. ಅವರೂ ಉಸಿರು ಬಿಡ್ಕೋತ ಹಿಂದ ಬಂದ್ರು. ಅಂಚಿಗಿ ನಿಂತು ಕೊಟ್ಟಿಗಿ ತಗಡು ತೋರ್ಸಿ ಕೇಳಿದೆ, "ಅವಸರದಾಗ ಒಬ್ಬಾಕಿ ಇಲ್ಲಿಂದ ಅಲ್ಲಿಗೆ ಜಿಗದಳು ಅಂದ್ರ, ಆ ತಗಡು ತಡೀತದೇನ್ರಿ?"

ಕೆಳಗ ಕಾಕಾ ಹಣಿ ಹಣಿ ಬಡಕೊಳ್ಳೂದು ಕಂಡ್ತು. ಆಗ ನನಗ ಎಚ್ಚರ ಬಂತು, ಎಲ್ಲಿ ನಿಂತೀನಿ, ಯಾರಿಗಿ ಏನ್ ಕೇಳೀನಿ ಅಂತ. ಮೂರನೇದೂ ಹೋತು ಅನಕೊಂಡೆ. ಮಾರಿ ಎತ್ತಾಕ ಆಗಲಿಲ್ಲ.

ಹುಡುಗನ ಅಪ್ಪ ತಲಿಗಿ ಸುತ್ತಿದ ಪಟಗಾ ತಗದು ಮಾಳಿಗಿ ಅಂಚಿಗಿ ಕುಂತ್ರು.

"ನನಗೂ ಒಬ್ಬಾಕಿ ತಂಗಿ ಇದ್ದಳ್ರಿ. ಆಕಿನ್ನ ಕೊಡೂ ಮುಂದ ನಾನೂ ಮನಿ ನೋಡಾಕ ಹೋಗಿದ್ದೆ. ಬರೇ ಎತ್ತು ನೋಡಿ ಬಂದೆ. ಆ ಮನ್ಯಾಗ ಆಕಿ ಭಾಳ ಕಷ್ಟ ಪಟ್ಟಳು. ತಪ್ಪಿಸ್ಕೊಂಡು ಬರಾಕ ಆಕಿಗಿ ಹಾದಿ ಅದನೋ ಇಲ್ಲೋ ಅಂತ ನಾ ನೋಡಿರಲಿಲ್ಲ." ಕಣ್ಣು ಒರಸಿಕೊಂಡು ಎದ್ದರು. "ನಿಮ್ಮ ತಂಗಿಗಿ ಈ ಮನ್ಯಾಗ ಜಿಗಿಯೂ ಪ್ರಸಂಗ ಬರಂಗಿಲ್ಲ. ತವರಿಗಿ ಹೋಗ್ತೀನಿ ಅಂದ್ರ ನಾನೇ ಗಾಡಿ ಮ್ಯಾಲೆ ಬಿಟ್ಟು ಬರ್ತೀನಿ. ಇಂಥಾ ಅಣ್ಣ ಇರೂ ಮನಿ ಹುಡುಗೀನೇ ನಮಗ ಬೇಕು."

ಅಲ್ಲೇ ಸಕ್ಕರಿ ಹಂಚಿದ್ರು, ಮಾತು ಪಕ್ಕಾ ಆತು. ಅವ್ವ ನನ್ನ ಮಾರಿ ಸವರಿ, ದೃಷ್ಟಿ ತಗದು ಲಟಿಗಿ ಮುರದಳು. ಕಾಕಾ ಹಾದಿ ಉದ್ದಕ್ಕೂ, "ನಮ್ಮಂಥಾ ಹಿರಿಯರಿಗಿ ಇದು ಹೊಳೀಲಿಲ್ಲ ನೋಡ್ರಿ" ಅಂತ ಹೊಗಳಿದ. ಖರೇ ಅಂದ್ರ, ಅಷ್ಟು ಹೊತ್ತಿನಾಗ ನಾ ತಂಗಿನ್ನ ಒಮ್ಮೆನೂ ನೆನಸಿರಲಿಲ್ಲ. ನೆನಸಿದ್ರೂ ಎರಡು ಕುಡಗೋಲು ಹಿಡದಾಕಿನ್ನ.

ಮನ್ಯಾಗ ತಂಗಿ ಎಲ್ಲಾ ಕಥಿ ಕೇಳಿದಳು. ಅವ್ವ ಅಡಗಿಮನಿಗಿ ಹೋದ ಮ್ಯಾಲೆ ನನ್ನ ಹಂತ್ಯಾಕ ಬಂದು ಕುಂತಳು.

"ಖರೇ ಹೇಳು. ಆ ಮಾಳಿಗಿ ಮ್ಯಾಲೆ ಗೂಂಡಾ ಎಷ್ಟು ಮಂದಿ ಇದ್ರು?"

"ಹನ್ನೊಂದು" ಅಂದೆ, ತಲಿ ತಗ್ಗಿಸಿ.

"ನಾ ಜಿಗದೆನು?"

"ಜಿಗದಿ."

"ತಗಡು ತಡೀತು?"

"ಇಲ್ಲವ್ವ" ಅಂದೆ. "ಎಮ್ಮಿ ಮ್ಯಾಲೆ ಬಿದ್ದಿ."